ನಮ್ಮಕ್ಕ ಪಾರ್ಕಿಗೆ ಬಂದ ದಿನ

ನಮ್ಮಕ್ಕನ ಬಗ್ಗೆ ಮಾತಾಡೋ ಯೋಗ್ಯತೆ ನನಗಿಲ್ಲ. ಆದ್ರೂ ಹೇಳ್ತೀನಿ, ಎಷ್ಟು ದಿನ ಅಂತ ಒಳಗೇ ಇಟ್ಕೊಳ್ಳಲಿ?

ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ನನಗೆ ಒಂಬತ್ತು, ಅವಳಿಗೆ ಇಪ್ಪತ್ತು. ಮದುವೆಯಾದ ಎರಡೇ ವರ್ಷಕ್ಕೆ ಭಾವನೂ ತೀರಿಕೊಂಡರು. ಅವತ್ತಿಂದ ಲಾಂಡ್ರಿ ಅಂಗಡಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಹಾಕ್ತಾ ನನ್ನನ್ನ ಸಾಕಿದಳು. ಬಾಯಿ ಮಾತ್ರ ಜೋರು. ನಾನು ಪೊಲೀಸಾಗಿ, ಪಾರ್ಕ್ ಕಾಯೋ ಪಡೆಗೆ ಹಾಕಿದ್ರು ಅಂದಾಗ, "ಕಳ್ಳರನ್ನ ಹಿಡೀತಾನೆ ಅಂದ್ಕೊಂಡ್ರೆ ನನ್ನ ತಮ್ಮ ಅಳಿಲು ಕಾಯ್ತಾನಂತೆ ಕಣ್ರೇ!" ಅಂತ ಬೀದಿಗೆಲ್ಲ ಕೇಳೋ ಹಾಗೆ ನಕ್ಕಿದ್ದಳು. ನಗ್ತಾ ನಗ್ತಾನೇ ನನ್ನ ಯೂನಿಫಾರ್ಮ್ ಇಸ್ತ್ರಿ ಮಾಡಿದ್ದಳು.

ಪಾರ್ಕಿನಲ್ಲಿ ನಮ್ಮದೊಂದು ಕ್ರಮ ಇದೆ. ಪೊದೆ ಪಕ್ಕದ ಬೆಂಚಲ್ಲಿ ಜೋಡಿ ಕೂತಿದ್ರೆ ಒಬ್ಬ ರಿಜಿಸ್ಟರ್ ಹಿಡಿದು ಮುಂದಿನಿಂದ ಹೋಗ್ತಾನೆ. ಇನ್ನೊಬ್ಬ ಸದ್ದಿಲ್ಲದೆ ಹಿಂದಿನಿಂದ ಹೋಗಿ ಸೀಟಿ ಊದ್ತಾನೆ. ಓಡಿಹೋಗಬಾರದಲ್ಲ! ಹೆಸರು ಬರೆದು, ಮನೆಯವರ ನಂಬರ್ ಕೇಳಿ, ನಾಲ್ಕು ಜನರ ಮುಂದೆ ಬೆವರಿಳಿಸಿ ಕಳಿಸೋದು. ಇದು ಯಾವ ಕಾನೂನಲ್ಲಿದೆ ಅಂತ ನಾವ್ಯಾರೂ ಕೇಳಿದವರಲ್ಲ. ನಿಜ ಹೇಳ್ಬೇಕಂದ್ರೆ, ನನಗದು ಮಜಾ ಅನ್ನಿಸ್ತಿತ್ತು.

ಒಂದು ಮಂಗಳವಾರ ಸಂಜೆ, ಹಸಿರು ಬಟ್ಟೆಯ ಹೆಂಗಸು, ಪಕ್ಕದಲ್ಲಿ ತಲೆ ನರೆತ ಗಂಡಸು. ನನ್ನ ಜೊತೆಯ ಪೇದೆ, ಗಂಟಲು ದೊಡ್ಡದು ಅಂತ ಎಲ್ಲರೂ ಮೈಕಣ್ಣ ಅಂತಾರೆ, ಮುಂದಿನಿಂದ ಹೋದ. ನಾನು ಹಿಂದಿನಿಂದ ಕಿವಿಗೇ ಊದಿದೆ. ಹೆಂಗಸು ಬೆಚ್ಚಿಬಿದ್ದು ತಿರುಗಿದಳು. ನಮ್ಮಕ್ಕ! ಭಾವ ಹೋದಮೇಲೆ ಅವಳು ಹಸಿರು ತೊಟ್ಟಿದ್ದನ್ನ ನಾನು ಯಾವತ್ತೂ ಕಂಡಿರಲಿಲ್ಲ.

"ಈ ವಯಸ್ಸಲ್ಲಿ ಇದೇನ್ರೀ ನಿಮ್ಮ ಆಟ?" ಅಂತ ಮೈಕಣ್ಣ ಶುರು ಮಾಡಿದ. ವಾಕಿಂಗಿಗೆ ಬಂದವರೆಲ್ಲ ನಿಂತರು. ಅಕ್ಕ ನನ್ನನ್ನೇ ನೋಡ್ತಿದ್ದಳು. ಮೈಕಣ್ಣ ಅದನ್ನ ಗಮನಿಸಿ, "ಏನೋ, ಗೊತ್ತಿರೋರಾ?" ಅಂದ.

"ಇಲ್ಲ" ಅಂದೆ. ನಿಜ, ಹಾಗೇ ಅಂದೆ.

"ಮನೆಯವರ ನಂಬರ್ ಕೊಡಮ್ಮ."

"ಮನೇಲಿ ಯಾರೂ ಇಲ್ಲ," ಅಂದಳು ಅಕ್ಕ. ಅಷ್ಟು ಮೆತ್ತಗೆ ಅವಳು ಮಾತಾಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಯೂನಿಫಾರ್ಮ್ ಎಂದಿನ ಹಾಗೆ ಕುರ್ಚಿ ಮೇಲಿತ್ತು. ಅಕ್ಕ ನನ್ನ ಮುಖ ನೋಡಲಿಲ್ಲ. ಮಧ್ಯಾಹ್ನ ಆ ಗಂಡಸು ಪಾರ್ಕಿನ ಗೇಟಿಗೆ ಬಂದರು.

"ನಾನು ನಿಮ್ಮಕ್ಕನ ಅಂಗಡಿ ಪಕ್ಕದ ಟೈಲರ್. ನಿನ್ನೆ ನಾವು ಬಂದಿದ್ದೇ ನಿಮ್ಮನ್ನ ನೋಡೋಕೆ. ತಮ್ಮ ಒಪ್ಪಿದ್ರೆ ಮಾತ್ರ ಮದುವೆ ಅಂದಿದ್ರು. ನೀವು ಆ ಕಡೆ ರೌಂಡ್ ಬರ್ತೀರಿ ಅಂತ ಅಲ್ಲಿ ಕೂತಿದ್ವಿ."

ನನಗೆ ನೆಲ ಬಾಯಿಬಿಡಬಾರದಾ ಅನ್ನಿಸಿತು. "ಈಗೇನಂತಾಳೆ?" ಅಂದೆ.

"ಬೇಡ ಅಂತಾರೆ. ತಮ್ಮನಿಗೆ ಅವಮಾನ ಆಗುತ್ತಂತೆ. ನೀವೊಂದು ಮಾತು ಹೇಳಿ ಸ್ವಾಮಿ, ನೀವು ಹೇಳಿದ್ರೆ ಕೇಳ್ತಾರೆ."

"ಇವತ್ತೇ ಹೇಳ್ತೀನಿ" ಅಂತ ಅವರ ಕೈ ಹಿಡಿದೆ. ಆದ್ರೆ ಯಾವ ಮುಖ ಹೊತ್ತುಕೊಂಡು ಹೋಗಲಿ? ಮೊದಲು ಮೈಕಣ್ಣನಿಗೆ, ಅವಳು ನನ್ನಕ್ಕ ಕಣೋ, ಅಂತ ಹೇಳಬೇಕು. ಆಮೇಲೆ ಮನೆಗೆ. ಹಾಗಂತ ಗಟ್ಟಿ ಮನಸ್ಸು ಮಾಡಿ ನಮ್ಮ ಪೊಲೀಸ್ ಚೌಕಿಗೆ ಹೋದೆ.

ಒಳಗೆ ಮೈಕಣ್ಣ ಅದೇ ಕಥೆ ಹೇಳ್ತಿದ್ದ. ಐದು ಜನ ಕೂತು ಕೇಳ್ತಿದ್ರು. "ಬಾರೋ ಬಾ! ಆಯಮ್ಮ ಹೆಂಗೆ ಬೆಚ್ಚಿಬಿದ್ಲು, ನೀನೇ ತೋರ್ಸು!"

ಬಾಯಿ ತೆರೆದೆ. ಎಲ್ಲರೂ ನನ್ನನ್ನೇ ನೋಡ್ತಿದ್ರು. ನಾನು ಬೆಂಚಿನ ಮೇಲೆ ಕೂತು, ಬೆಚ್ಚಿಬಿದ್ದು, ಕಣ್ಣು ಅಗಲಿಸಿ, ಅಕ್ಕನ ಹಾಗೇ ತಿರುಗಿ ತೋರಿಸಿದೆ. ಹೊಟ್ಟೆ ಹಿಡ್ಕೊಂಡು ನಕ್ಕರು.

ಥೂ, ನನ್ನ ಜನ್ಮಕ್ಕಿಷ್ಟು. ಇವತ್ತಿಗೆ ಹನ್ನೊಂದು ದಿನ. ಅಕ್ಕನಿಗೆ ಆ ಒಂದು ಮಾತು ಇನ್ನೂ ಹೇಳಿಲ್ಲ.