ಆರು ಚುಕ್ಕೆಗಳ ಡಿಸ್ಕು

ಬೆಳಗಿನ ಆರು ಗಂಟೆ. ಬೀದಿಯ ಅಂಗಡಿಗಳೆಲ್ಲ ಷಟರ್ ಎಳೆದುಕೊಂಡು ಇನ್ನೂ ಮಲಗಿವೆ. ವಿಡಿಯೊ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ಯಂತ್ರವೊಂದು ಗುರ್ ಎನ್ನುತ್ತಿದೆ. ಅದರ ಮುಂದೆ ಕುಳಿತ ಹೆಂಗಸು ಡಿಸ್ಕೊಂದನ್ನು ಟಾರ್ಚ್ ಬೆಳಕಿಗೆ ಓರೆಯಾಗಿ ಹಿಡಿದು, ಅಕ್ಕಿಯಲ್ಲಿ ಕಲ್ಲು ಹುಡುಕುವವರಂತೆ ನೋಡುತ್ತಾರೆ. ಬಾಡಿಗೆಗೆ ಹೋಗಿ ಗೀರು ಬಿದ್ದು ಬಂದ ಡಿಸ್ಕುಗಳನ್ನು ಉಜ್ಜಿ ನುಣುಪು ಮಾಡುವುದು ಇವರ ಕೆಲಸ. ಅಂಗಡಿಯವರಿಗೆಲ್ಲ ಇವರು ಪಾಲಿಶ್ ಅಕ್ಕ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ನಾನು ಬಂದು ಪಕ್ಕದಲ್ಲಿ ಕುಳಿತಿದ್ದೇನೆ.

ದಿನಕ್ಕೆ ನಲವತ್ತು ಡಿಸ್ಕು, ಒಂದೊಂದಕ್ಕೆ ನಾಲ್ಕು ನಿಮಿಷ. ಉಜ್ಜಿದ ಮೇಲೆ ಅಂಗಡಿಯ ಪ್ಲೇಯರಿಗೆ ಹಾಕಿ, ತಡವರಿಸದೆ ಓಡುತ್ತದೆಯೇ ಎಂದು ಪರೀಕ್ಷೆ. ಹೀಗೆ ಹದಿನಾಲ್ಕು ವರ್ಷ. ಗಿರಾಕಿಗಳನ್ನು ಮಾತ್ರ ಇವರು ಕಂಡೇ ಇಲ್ಲ. ಅವರು ಬಾಗಿಲ ಸೀಳಿನಿಂದ ಡಿಸ್ಕನ್ನು ಪೆಟ್ಟಿಗೆಗೆ ಹಾಕಿ ಹೋಗಿರುತ್ತಾರೆ. ಅಂಗಡಿ ತೆರೆಯುವ ಹೊತ್ತಿಗೆ ಇವರು ಮನೆ ಸೇರಿರುತ್ತಾರೆ.

“ಮುಖ ಗೊತ್ತಿಲ್ಲ, ಬೆರಳು ಗೊತ್ತು. ಓದು ಬರಹ ಬಲ್ಲೋರೇ, ಆದ್ರೂ ಡಿಸ್ಕ್ ಮೇಲೆ ಮಾತ್ರ ಹೆಬ್ಬೆಟ್ಟೇ ಒತ್ತಿರ್ತಾರೆ.”

ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು, ಮಕ್ಕಳಿಲ್ಲ. “ಮನೇಲಿ ಮಾತಾಡೋದು ಕುಕ್ಕರ್ ಒಂದೇ. ಅದೂ ಮೂರು ಸಲ ಕೂಗಿ ಸುಮ್ಮನಾಗತ್ತೆ” ಎಂದು ನಗುತ್ತಾರೆ.

ಒಂದೊಂದು ಸಲ ಉಜ್ಜಿದಾಗಲೂ ಡಿಸ್ಕು ಕೂದಲೆಳೆಯಷ್ಟು ಸವೆಯುತ್ತದೆ. ಲೆಕ್ಕ ತಪ್ಪಬಾರದೆಂದು ಅಕ್ಕ ಡಿಸ್ಕಿನ ನಡುತೂತಿನ ಸುತ್ತಲಿನ ಒಳಬಳೆಯ ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಡುತ್ತಾರೆ. ಐದು ಚುಕ್ಕೆಯವರೆಗೆ ಭಯವಿಲ್ಲ. ಆರನೆಯದು ದೇವರ ಮೇಲೆ ಭಾರ. ಇಡೀ ಅಂಗಡಿಯಲ್ಲಿ ಆರು ಚುಕ್ಕೆ ಮುಟ್ಟಿರುವುದು ಒಂದೇ ಡಿಸ್ಕು. ಮುದಿ ಗಡಿಯಾರ ರಿಪೇರಿಯವನೂ ಅವನ ಮೂಕಿ ಮೊಮ್ಮಗಳೂ ಇರುವ ಅನಿಮೆ, ಅಂದರೆ ಜಪಾನಿ ಕಾರ್ಟೂನ್, ಧಾರಾವಾಹಿಯ ಮೂರನೆಯ ಡಿಸ್ಕು.

ಕಳೆದ ವಾರ ಅದು ಕೈಕೊಟ್ಟಿತು. ಮೊಮ್ಮಗಳು ಅಜ್ಜನಿಗೆ ಏನೋ ಹೇಳಲು ಕೈ ಎತ್ತುತ್ತಾಳೆ, ಚಿತ್ರ ಅಲ್ಲೇ ನಿಂತುಬಿಡುತ್ತದೆ. ಅಕ್ಕ ಮೂರು ಸಲ ಹಾಕಿ ನೋಡಿದರು, ಮೂರು ಸಲವೂ ಕೈ ಗಾಳಿಯಲ್ಲೇ. ಡಿಸ್ಕು ಕೆಟ್ಟರೆ ಹೊಸ ಸೆಟ್ ತರಿಸುವುದು ಮಾರಾಟವಾಗುವ ಧಾರಾವಾಹಿಗೆ ಮಾತ್ರ; ಉಳಿದವು ಕಪಾಟಿನಿಂದ ಇಳಿಯಬೇಕು. ಎರಡು ವರ್ಷದಲ್ಲಿ ಇದು ಮಾರಾಟವಾದದ್ದು ಒಂದೇ ಒಂದು ಸೆಟ್.

ಯಜಮಾನರು ಕೆಟ್ಟವರಲ್ಲ. ಮಾರಾಟದ ಪಟ್ಟಿಯನ್ನು ಅಕ್ಕನ ಮುಂದಿಟ್ಟು, “ಜನಕ್ಕೆ ಇಷ್ಟ ಆಗಿದ್ರೆ ಕೊಂಡ್ಕೋತಿದ್ರಲ್ಲ ಅಕ್ಕಾ” ಎಂದರಂತೆ.

ಅವರಿಗೆ ಹೇಳದ್ದನ್ನು ಅಕ್ಕ ನನ್ನ ಮುಂದೆ, ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ, ತಗ್ಗಿದ ದನಿಯಲ್ಲಿ ಹೇಳುತ್ತಾರೆ:

“ಆ ಒಂದನ್ನ ಕೊಂಡೋಳು ನಾನೇ. ಪಟ್ಟೀಲಿ ಇದ್ರ ಮುಂದೆ ಸೊನ್ನೆ ಅಂತ ಬರೆದಿತ್ತು, ನೋಡಕ್ಕಾಗ್ಲಿಲ್ಲ. ಮನೇಲಿ ಪ್ಲೇಯರ್ರೇ ಇಲ್ಲ, ಪ್ಲಾಸ್ಟಿಕ್ಕೂ ಬಿಚ್ಚಿಲ್ಲ. ಪಟ್ಟಿ ಪ್ರಕಾರ ಇದನ್ನ ಇಷ್ಟಪಟ್ಟಿರೋದು ನನ್ನ ಬೀರು ಒಂದೇ. ಈ ಆರು ಚುಕ್ಕೆ ಬೀಳೋ ಹಾಗೆ ಬಾಡಿಗೆಗೆ ತಗೊಂಡ್ಹೋಗಿ ನೋಡಿದ್ರಲ್ಲ, ಅವ್ರು ಈ ಪಟ್ಟೀಲಿ ಇಲ್ಲ. ಅವ್ರಿಗೂ ಒಬ್ರಿಗೊಬ್ರು ಗೊತ್ತಿಲ್ಲ. ಎಲ್ರನ್ನೂ ಕಂಡಿರೋದು ಈ ಡಿಸ್ಕ್ ಒಂದೇ.”

ಮಾತು ನಿಲ್ಲಿಸಿ ಕೈಚೀಲಕ್ಕೆ ಕೈ ಹಾಕುತ್ತಾರೆ. ಬೀರುವಿನಲ್ಲಿದ್ದ ಸೆಟ್ ಇಂದು ಅವರ ಜೊತೆ ಬಂದಿದೆ. ಉಗುರಿನಿಂದ ಪ್ಲಾಸ್ಟಿಕ್ ಸೀಳಿ, ಮೂರನೆಯ ಡಿಸ್ಕನ್ನು ತೆಗೆದು, ಕೆಟ್ಟದ್ದರ ಜಾಗದಲ್ಲಿ ಬಾಡಿಗೆಯ ಡಬ್ಬಿಗೆ ಕೂರಿಸುವ ಮುನ್ನ, ಅಭ್ಯಾಸಬಲದಿಂದ ಟಾರ್ಚ್ ಬೆಳಕು ಬಿಟ್ಟು ನೋಡುತ್ತಾರೆ. ಒಂದು ಗೆರೆಯೂ ಇಲ್ಲ. ಇದಕ್ಕೆ ಗೀರು ಬಿದ್ದರೆ ಬೇಸರವಾಗುವುದಿಲ್ಲವೇ ಎಂದು ಕೇಳುತ್ತೇನೆ.

“ನೋಡಿ, ಕನ್ನಡಿ ಥರ ಇದೆ. ನನ್ನ ಮುಖ ಬಿಟ್ರೆ ಇದ್ರಲ್ಲಿ ಯಾರೂ ಇಲ್ಲ” ಎನ್ನುತ್ತಾರೆ ಅಕ್ಕ. “ಬೇಗ ಒಂದು ಗೀರು ಬೀಳ್ಲಿ.”