ಮಾಳಿಗೆ ಮನೆಯ ತಂಪು

ಬೇಸಿಗೆಯಲ್ಲಿ ನಾನು ಯಾರ ಮಾತನ್ನೂ ನಂಬುವುದಿಲ್ಲ. ಮೊಬೈಲು ತೋರಿಸುವ ಡಿಗ್ರಿಯನ್ನೂ ನಂಬುವುದಿಲ್ಲ. ಅದು ಅಥಣಿ ಪೇಟೆಯದೋ ನಮ್ಮ ಅಂಗಳದ್ದೋ ಯಾರಿಗೆ ಗೊತ್ತು? ಗ್ರೀಷ್ಮವನ್ನು ವರ್ಣಿಸಿದ ಹಳೆಯ ಕವಿಗಳ ಮೇಲಂತೂ ವಿಶೇಷ ಗುಮಾನಿ. ಗಂಧ ಹಚ್ಚಿಕೊಂಡು ತಾವರೆ ಎಲೆಯ ಮೇಲೆ ಒರಗಿದರು ಎನ್ನುತ್ತಾರೆ, ಬೀಸಣಿಗೆ ಬೀಸಿದವರು ಎಷ್ಟು ಬೆವತರೆಂದು ಹೇಳುವುದಿಲ್ಲ. ಅದನ್ನೆಲ್ಲ ಮಳೆಗಾಲದಲ್ಲಿ ಕುಳಿತು ಬರೆದಿರಬೇಕು.

ಇಷ್ಟೆಲ್ಲ ಶಂಕಿಸುವ ನಾನು ಒಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ: ನಮ್ಮ ಹಳೆಯ ಮಾಳಿಗೆ ಮನೆ ತಂಪು. ಮೊಳದಪ್ಪದ ಗೋಡೆ, ತಲೆಯ ಮೇಲೆ ತೊಲೆಗಳಿಗೆ ಮಣ್ಣು ಹೊದಿಸಿದ ಚಪ್ಪಟೆ ಮಾಳಿಗೆ. ಬಂದ ನೆಂಟರಿಗೆಲ್ಲ ಇದನ್ನು ಹೇಳಿ, ಪಕ್ಕದಲ್ಲೇ ಸ್ಲ್ಯಾಬಿನ ಮನೆ ಕಟ್ಟಿಸಿದ ತಮ್ಮನನ್ನು, ಈಗ ನಾವೆಲ್ಲ ಇರುವುದು ಅದರಲ್ಲೇ ಆದರೂ, ಅಣಕಿಸುತ್ತಿದ್ದೆ.

ಈ ಸಲ ಏಪ್ರಿಲ್ಲಿನಲ್ಲಿ ಅವ್ವನಿಗೆ ಬಿಸಿಲು ಬಡಿಯಿತು. ಮಧ್ಯಾಹ್ನ ತಂಪಿನಲ್ಲಿ ಮಲಗಿಸಿ, ಇನ್ನೊಮ್ಮೆ ಹೀಗಾದರೆ ಕಷ್ಟ ಎಂದರು ಡಾಕ್ಟರು. ತಮ್ಮ ಕೂಲರ್ ತರಲು ಹೊರಟ.

"ಅದ್ಯಾಕ? ಮಾಳಿಗಿ ಮನ್ಯಾಗ ಮಲಗಿಸಿದ್ರ ಆತು," ಎಂದೆ.

"ಅಲ್ಲಿ ಕುಂತ್ರ ಉಸರ ಕಟ್ಟತೈತೋ ಅಣ್ಣಾ."

"ನೀ ಸಣ್ಣಾಂವ ಇದ್ದಿ. ನಿಂಗ ನೆನಪಿಲ್ಲ."

ಅವ್ವ ನಮ್ಮಿಬ್ಬರ ಮುಖ ನೋಡಿ, ಚಾಪೆ ಎತ್ತಿಕೊಂಡು ಹಳೆಯ ಮನೆಗೆ ಹೋದಳು.

ಮೂರನೆಯ ದಿನ ಚಹಾ ಒಯ್ದಾಗ ಅವಳು ಬೆವರಿನಲ್ಲಿ ತೊಯ್ದು, ಗೋಡೆಗೆ ಒರಗಿ, ಬಾಯಿಂದ ಉಸಿರಾಡುತ್ತಿದ್ದಳು. ಕೂದಲ ತುಂಬ ಮಾಳಿಗೆಯಿಂದ ಉದುರಿದ ಮಣ್ಣು. ತಮ್ಮನನ್ನು ಕೂಗಿದೆ. ಇಬ್ಬರೂ ಸೇರಿ ಹೊರಗೆ ಎತ್ತಿ ತಂದೆವು, ಮುಖಕ್ಕೆ ನೀರು ಚಿಮುಕಿಸಿದೆವು. ಅವಳು ಸುಧಾರಿಸಿಕೊಂಡ ಮೇಲೂ ಆ ಮನೆ ಹೊಗಳುವ ನನ್ನ ಚಟ ಬಿಡಲಿಲ್ಲ.

"ಮದ್ಲ ಎಷ್ಟ ತಂಪ ಇತ್ತಲ್ಲ ಬೇ ಆ ಮನಿ?"

"ಯಾವಾಗ ಇತ್ತೋ ಯಪ್ಪಾ? ಬಿಸಲಾಗ ಮನ್ಯಾಗ ಇದ್ದವ್ರ ಯಾರು? ನಾ ಹೊಲದಾಗ, ನೀ ಬಾವ್ಯಾಗ."

"ಮತ್ತ ಹೇಳಬಾರದಾಗಿತ್ತಾ?"

"ಬಂದವ್ರ ಮುಂದೆಲ್ಲಾ ಅಷ್ಟ ಹೊಗಳ್ತಿದ್ದಿ. ನಿನ್ನ ಮಾತ ನಾನ ಸುಳ್ಳ ಮಾಡ್ಲ್ಯಾ?"

ತಮ್ಮ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಹುಡುಗನಾಗಿದ್ದಾಗ ದಿನವಿಡೀ ಬಾವಿಯಲ್ಲಿ ಈಜಾಡಿ, ಸಂಜೆ ಒದ್ದೆ ಮೈಯಲ್ಲಿ ಮನೆಗೆ ಬರುತ್ತಿದ್ದವನು ನಾನು. ಬಾವಿಯ ತಂಪನ್ನು ನೆನಪು ಸದ್ದಿಲ್ಲದೆ ಮನೆಯ ಹೆಸರಿಗೆ ಬರೆದುಕೊಟ್ಟಿತ್ತು. ಅದನ್ನು ನಂಬಿ ಅವ್ವನನ್ನು ಒಲೆಯಲ್ಲಿ ಮಲಗಿಸಿದ್ದೆ.

ಕೂಲರ್ ಬಂತು. ಆದರೆ ಮಧ್ಯಾಹ್ನ ಕರೆಂಟು ಹೋಗುತ್ತದೆ. ಆಗ ಅವ್ವ ಹೋಗುವುದು ನಮ್ಮ ತೋಟದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ. ಒಣಗಿದ ಮಾಲು ಇಳಿಸಿಯಾಗಿದೆ, ಶೆಡ್ಡು ಖಾಲಿ. ದ್ರಾಕ್ಷಿ ಒಣಗಬೇಕಾದದ್ದು ನೆರಳಿನಲ್ಲಿ, ಆಡುವ ಗಾಳಿಯಲ್ಲಿ. ಸುತ್ತ ಕಟ್ಟಿದ ಹಸಿರು ಬಲೆ ಬಿಸಿಲನ್ನು ತಡೆದು ಗಾಳಿಯನ್ನಷ್ಟೇ ಒಳಗೆ ಬಿಡುತ್ತದೆ. ನಮಗಾಗಿ ಮನೆ ಕಟ್ಟುವಾಗ ಹೊಳೆಯದ ಬುದ್ಧಿ ದ್ರಾಕ್ಷಿಗಾಗಿ ಹೊಳೆದಿದೆ. ಆದರೂ ನನಗೆ ಅನುಮಾನ. ಅವಳು ಮತ್ತೆ ಯಾರದೋ ಮಾತು ಉಳಿಸಲು ಅಲ್ಲಿ ಮಲಗುತ್ತಿದ್ದರೆ?

ನಿನ್ನೆ ಹೋಗಿ ಕೇಳಿದೆ. "ಖರೇನ ತಂಪ ಐತೇನ್ ಬೇ ಇಲ್ಲಿ?"

ಅವ್ವ ಹೊರಸಿನಲ್ಲಿ ಸ್ವಲ್ಪ ಸರಿದು ಜಾಗ ಮಾಡಿದಳು.

"ಮದ್ಲ ಮಲಗಿ ನೋಡು. ನೆನಪ ಮಾಡ್ಕೊಳ್ಳೂದು ಆಮ್ಯಾಲ."