ಮಾಸ್ಕಿನ ಮೇಲೆ ಹದಿನೇಳು ಕಲೆ

ನನ್ನ ಸೊಸೆ ಹೇಗಿದ್ದಾಳೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಅವಳ ಬಲಗೈ ಕಿರುಬೆರಳಿನ ವಿಷಯ. ಬಣ್ಣ, ಮೂಗು, ಜಡೆ ಎಲ್ಲ ಆಮೇಲೆ. ನಮ್ಮ ಮನೆಯಿಂದ ಎರಡು ಬೀದಿ ದಾಟಿದರೆ ಒಂದು ಬೇಕರಿ ಇದೆ. ಅಲ್ಲಿ ಅವಳು ಹದಿನಾಲ್ಕು ವರ್ಷದಿಂದ ಕೇಕು, ಕ್ರೀಮು ಮಾಡುತ್ತಾಳೆ. ಹಿಟ್ಟು ಕಲಸಿದ ಮೇಲೆ ಕಿರುಬೆರಳ ತುದಿಯನ್ನು ಅದಕ್ಕೆ ಮುಟ್ಟಿಸಿ ನಾಲಿಗೆಗೆ ಇಟ್ಟುಕೊಂಡು, "ಉಪ್ಪು ಒಂದು ಚಿಟಿಕೆ", "ಸಕ್ಕರೆ ಅರ್ಧ ಚಿಟಿಕೆ" ಎನ್ನುತ್ತಾಳೆ. ಅದಕ್ಕೇ ಬೇಕರಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಚಿಟಿಕೆ ಎಂದು. ತಕ್ಕಡಿ ಸುಳ್ಳು ಹೇಳಬಹುದು, ಚಿಟಿಕೆ ಹೇಳುವುದಿಲ್ಲ ಎಂದು ಅಲ್ಲಿನ ಯಜಮಾನರು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೂವತ್ತು ವರ್ಷದಿಂದ ಒಂದೇ ಮಿಷನ್ನು. ನನ್ನ ಬಾಯಿಯೂ ಆ ಮಿಷನ್ನಿನ ಹಾಗೇ, ಶುರುವಾದರೆ ನಿಲ್ಲುವುದಿಲ್ಲ ಎಂದು ಮಗ ಹೇಳುತ್ತಾನೆ. ಅವನು ಲಾರಿ ಓಡಿಸುವವನು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೇ ಇರುತ್ತಾನೆ. ಹಾಗಾಗಿ ಅವನ ಮಾತನ್ನು ನಾನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಮದುವೆಯಾಗಿ ಎಂಟು ವರ್ಷಕ್ಕೆ ಅವರಿಗೆ ಮಗು ಹುಟ್ಟಿತು. ಪುಟ್ಟಿ. ಹುಟ್ಟಿದ್ದೇ ತಡ, ಬಾಣಂತಿಯನ್ನು ನಾನು ನನ್ನ ಕೈಗೆ ತೆಗೆದುಕೊಂಡೆ. ಹಾಲು ಕುಡಿದರೆ ತಾನೇ ಹಾಲು ಬರುವುದು ಎಂದು ದಿನಕ್ಕೆ ಮೂರು ದೊಡ್ಡ ಲೋಟ ಹಾಲು. ಬೇಡ ಅತ್ತೆ, ಹೊಟ್ಟೆ ತುಂಬಿದೆ ಎಂದರೆ ನಾನು ಲೋಟ ಹಿಡಿದುಕೊಂಡು ಎದುರಿಗೇ ನಿಂತಿರುತ್ತಿದ್ದೆ. ಪಾಪದ ಹೆಣ್ಣು, ಕುಡಿಯುತ್ತಿದ್ದಳು.

ಒಂದೂವರೆ ತಿಂಗಳಿಗೆ ಪುಟ್ಟಿಯ ಕೆನ್ನೆ ಕೆಂಪಗೆ ಒರಟಾಯಿತು. ಹಾಲು ಕುಡಿದ ಅರ್ಧ ಗಂಟೆಗೆ ಕಾಲು ಮಡಚಿಕೊಂಡು ಅಳುವುದು ಶುರುವಾಯಿತು. ಒಂದು ಬೆಳಿಗ್ಗೆ ಬಟ್ಟೆ ಬದಲಿಸುವಾಗ ಬಿಳಿ ಬಟ್ಟೆಯ ಮೇಲೆ ಒಂದು ಕೆಂಪು ಎಳೆ ಕಂಡೆ. ನನ್ನ ಮಿಷನ್ನಿನ ನೂಲು ಬಿದ್ದಿರಬೇಕು ಎಂದುಕೊಂಡು ಉಗುರಿನಿಂದ ಎತ್ತಲು ನೋಡಿದೆ. ಅದು ಎದ್ದು ಬರಲಿಲ್ಲ. ಅದು ರಕ್ತ.

ಮಕ್ಕಳ ಡಾಕ್ಟರಮ್ಮ ಎಲ್ಲ ನೋಡಿ, ಎಲ್ಲ ಕೇಳಿ, ಕೊನೆಗೆ ಸೊಸೆಯ ಕಡೆ ತಿರುಗಿ ಹೇಳಿದರು. "ಮಗುಗೆ ಹಸುವಿನ ಹಾಲು ಅಲರ್ಜಿ. ಮೊಟ್ಟೆನೂ ಇರಬಹುದು. ನೀವು ತಿಂದಿದ್ದರಲ್ಲಿ ಒಂದು ಚೂರು ನಿಮ್ಮ ಹಾಲಿಗೆ ಸೇರುತ್ತೆ. ಆ ಚೂರು ಅವಳಿಗೆ ಸಾಕು."

ನನಗೆ ರೇಗಿತು. "ಇದೊಳ್ಳೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು ಡಾಕ್ಟರೇ. ಮಗುಗೆ ಹುಷಾರಿಲ್ಲ ಅಂದ್ರೆ ಇವಳ್ಯಾಕೆ ಉಪವಾಸ ಮಾಡ್ಬೇಕು?"

"ಉಪವಾಸ ಅಲ್ಲಮ್ಮ. ಹಾಲು, ಮೊಸರು, ಬೆಣ್ಣೆ, ತುಪ್ಪ, ಮೊಟ್ಟೆ, ಇವು ಸೇರಿರೋ ಯಾವುದೂ ಬೇಡ. ನಾಲ್ಕು ವಾರ ನೋಡೋಣ. ರಕ್ತ ನಿಲ್ಲಬೇಕು, ತೂಕ ಏರಬೇಕು. ಆಗಲಿಲ್ಲ ಅಂದ್ರೆ ಎದೆಹಾಲು ನಿಲ್ಲಿಸಿ ಇವಳಿಗೆ ಅಂತಲೇ ಇರೋ ಡಬ್ಬಿ ಹಾಲು ಕೊಡೋಣ. ಅದೇನೂ ವಿಷ ಅಲ್ಲ, ಎಷ್ಟೋ ಮಕ್ಕಳು ಅದರಲ್ಲೇ ಬೆಳೀತಾರೆ."

ಮನೆ ಬಾಗಿಲ ಹತ್ತಿರ ಬಂದಾಗ ಸೊಸೆ ನಿಂತು, "ಊರಿಗೆಲ್ಲ ನನ್ನ ಕೈಯಲ್ಲಿ ಮಾಡಿದ್ದು ತಿನ್ನಿಸ್ತೀನಿ ಅತ್ತೆ. ನನ್ನ ಮಗುಗೆ ಮಾತ್ರ ನನ್ನಿಂದ ಆಗಲ್ಲ ಅಂದ್ರೆ ಹೇಗೆ?" ಎಂದಳು. ಆ ಮೂರು ಲೋಟಗಳು ನೆನಪಾಗಿ ನನ್ನ ಬಾಯಿಗೆ ಬೀಗ ಬಿತ್ತು. ಅಂಥದ್ದು ವರ್ಷಕ್ಕೆ ಒಮ್ಮೆಯೂ ಆಗುವುದಿಲ್ಲ.

ಮಾರನೆಯ ದಿನದಿಂದ ವ್ರತ ಶುರು. ಅನ್ನ, ಬೇಯಿಸಿದ ತರಕಾರಿ, ಬೇಳೆ, ಹಣ್ಣು. ತಿಂದದ್ದನ್ನೆಲ್ಲ ಬರೆದಿಡಿ ಎಂದು ಡಾಕ್ಟರಮ್ಮ ಒಂದು ಪುಸ್ತಕ ಕೊಟ್ಟಿದ್ದರು. ಅದನ್ನು ತೆಗೆದರೆ ಅನ್ನ, ಅನ್ನ, ಅನ್ನ, ಬಾಳೆಹಣ್ಣು, ಅನ್ನ. ಜೈಲಿನಲ್ಲೂ ಇದಕ್ಕಿಂತ ಬಗೆಬಗೆಯಾಗಿ ಕೊಡುತ್ತಾರೇನೋ. ಅದೇ ವಾರ ಅವಳ ರಜೆ ಮುಗಿದು ಬೇಕರಿಗೆ ಹೋಗತೊಡಗಿದಳು. ನಾನು ದಿನಕ್ಕೆ ಮೂರು ಸಲ ಪುಟ್ಟಿಯನ್ನು ಎತ್ತಿಕೊಂಡು ಹೋಗಿ ಹಿಂಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವಳು ಮೊಣಕೈವರೆಗೆ ಸೋಪು ಹಾಕಿ ತೊಳೆದು, ಮೇಲಿನ ಅಂಗಿ ಬದಲಿಸಿ, ಮೈದಾ ಮೂಟೆಗಳ ನಡುವೆ ಇರುವ ಸ್ಟೂಲಿನ ಮೇಲೆ ಕೂತು ಹಾಲು ಕೊಡುತ್ತಿದ್ದಳು. ಮಗುವನ್ನು ಮತ್ತೆ ನನ್ನ ಕೈಗಿಟ್ಟು ಒಳಗೆ ಓಡುತ್ತಿದ್ದಳು.

ಹದಿನಾಲ್ಕು ದಿನವಾಯಿತು. ಕೆಂಪು ಎಳೆ ಹಾಗೇ ಇತ್ತು. ತೂಕ ಒಂದಿಷ್ಟೂ ಮೇಲೇರಲಿಲ್ಲ.

ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಸುತ್ತ ಬೆಣ್ಣೆ, ಕ್ರೀಮು, ಬಿಸಿ ಬನ್ನು. ಇವಳೋ ಅನ್ನ ತಿಂದು ಸೊರಗಿದವಳು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ ಏನಾದರೂ ನಡೆಯುತ್ತಿರಬೇಕು ಎಂದುಕೊಂಡೆ. ಅವತ್ತು ಸಂಜೆ ಬಾಯಿ ತಡೆಯಲಿಲ್ಲ.

"ನಿಜ ಹೇಳು. ಬೇಕರಿಯಲ್ಲಿ ಏನಾದ್ರೂ ತಿಂತಿದ್ದೀಯಾ?"

ಅವಳು ನನ್ನನ್ನೇ ನೋಡಿದಳು. "ಪುಸ್ತಕದಲ್ಲಿ ಬರೆದಿದ್ದೀನಲ್ಲ ಅತ್ತೆ."

"ಪುಸ್ತಕಕ್ಕೇನು, ಬರೆದದ್ದೆಲ್ಲ ಇಟ್ಕೊಳ್ಳುತ್ತೆ."

ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಪುಟ್ಟಿಯ ತಲೆ ಮೇಲೆ ಕೈಯಿಟ್ಟು, "ಇವಳ ಆಣೆಗೂ ಏನೂ ತಿಂದಿಲ್ಲ," ಎಂದಳು. ನಾನು ನಂಬಲಿಲ್ಲ. ಈಗಲೂ ಆ ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮರುದಿನ ಹೊತ್ತಿಗಿಂತ ಮುಂಚೆ ಹೋದೆ. ಹಿಂಬಾಗಿಲಲ್ಲಿ ನಿಲ್ಲದೆ ಸೀದಾ ಒಳಗೆ ಹೋಗಿ, ಬಿಸ್ಕತ್ತಿನ ತಟ್ಟೆಗಳ ಹಿಂದೆ ನಿಂತೆ. ಹೆಗಲ ಮೇಲೆ ಪುಟ್ಟಿ ನಿದ್ದೆ ಮಾಡುತ್ತಿತ್ತು. ಸೊಸೆ ಬೆಣ್ಣೆ, ಸಕ್ಕರೆ ನಾದುತ್ತಿದ್ದಳು. ನಿಲ್ಲಿಸಿದಳು. ಕಿರುಬೆರಳು ಅದನ್ನು ಮುಟ್ಟಿತು, ನಾಲಿಗೆಗೆ ಹೋಯಿತು. ಸಕ್ಕರೆ ಹಾಕಿದಳು. ಪಕ್ಕದ ಪಾತ್ರೆಗೆ ಹೋದಳು. ಬೆರಳು, ನಾಲಿಗೆ. ಮತ್ತೊಂದಕ್ಕೆ. ಬೆರಳು, ನಾಲಿಗೆ. ಸಿಕ್ಕಿಬಿದ್ದಳು ಎಂದುಕೊಂಡು ನಾನು ಮುಂದೆ ಬಂದೆ.

"ಈಗ ಏನು ತಿಂದೆ?"

"ಏನೂ ಇಲ್ಲವಲ್ಲ."

ಅವಳ ಮುಖದಲ್ಲಿ ಕಳ್ಳತನದ ಒಂದು ಗೆರೆಯೂ ಇರಲಿಲ್ಲ. ಬೆರಳ ತುದಿ ಇನ್ನೂ ಒದ್ದೆಯಾಗಿತ್ತು. ಆಗ ನನಗೆ ಅರ್ಥವಾಯಿತು. ಅವಳಿಗೆ ಗೊತ್ತೇ ಇಲ್ಲ. ರುಚಿ ನೋಡುವುದು ಅವಳ ಪಾಲಿಗೆ ತಿನ್ನುವುದಲ್ಲ. ನಾನು ಹೊಲಿಯುವಾಗ ನೂಲಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡುತ್ತೇನೆ, ನೂಲು ತಿಂದೆ ಎಂದು ಯಾವತ್ತಾದರೂ ಹೇಳಿದ್ದೇನೆಯೇ? ಹಾಗೆಯೇ ಇದು.

ಅವಳ ಕೈ ಹಿಡಿದು ಆ ಬೆರಳನ್ನು ಅವಳ ಕಣ್ಣ ಮುಂದೆ ಎತ್ತಿದೆ. ಅವಳು ಬೆರಳು ನೋಡಿದಳು, ಪಾತ್ರೆ ನೋಡಿದಳು, ನನ್ನ ಹೆಗಲ ಮೇಲಿನ ಮಗುವನ್ನು ನೋಡಿದಳು. ಹಾಗೇ ಮೈದಾ ಮೂಟೆಯ ಮೇಲೆ ಕುಸಿದು ಕೂತಳು.

ಡಾಕ್ಟರಮ್ಮ ಬೈಯಲಿಲ್ಲ. "ಇವತ್ತಿನಿಂದ ಮತ್ತೆ ಎಣಿಸೋಣ. ಆದ್ರೆ ತೂಕ ಹೀಗೇ ನಿಂತ್ರೆ ನಾನು ಕಾಯೋಕಾಗಲ್ಲ. ಮೂರು ವಾರ. ಅಷ್ಟೆ," ಎಂದರು.

ಕೆಲಸ ಬಿಟ್ಟುಬಿಡು ಎಂದೆ ನಾನು. "ಕೆಲಸ, ಹಾಲು ಕೊಡೋದು, ಎರಡೂ ಬಿಡಲ್ಲ ಅತ್ತೆ. ಈ ಬೆರಳಿನ ಚಾಳಿ ಬಿಡಿಸ್ತೀನಿ," ಎಂದಳು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಪರೂಪಕ್ಕೆ ನುಂಗಿಕೊಂಡೆ.

ಕೈಗವಸು ಹಾಕಿಕೊಂಡು ನೋಡಿದಳು. ಕೈಗವಸಿನ ಸಮೇತ ಬೆರಳು ಬಾಯಿಗೆ ಹೋಯಿತು. ಬೆರಳಿಗೆ ಹಾಗಲಕಾಯಿ ರಸ ಹಚ್ಚೋಣವೆಂದರೆ ಕೇಕಿನ ಗತಿ ಏನು? ಕೊನೆಗೆ ಪುಟ್ಟಿಯ ಬಟ್ಟೆಗೆಂದು ತಂದ ಬಿಳಿ ಬಟ್ಟೆಯಲ್ಲೇ ನಾನು ಮಾಸ್ಕ್ ಹೊಲಿದೆ. ಕಿವಿಗೆ ಸಿಕ್ಕಿಸುವುದಲ್ಲ, ತಲೆ ಹಿಂದೆ ಎರಡು ಗಂಟು ಹಾಕುವುದು, ಸುಲಭಕ್ಕೆ ಕೆಳಗೆ ಸರಿಯಬಾರದಲ್ಲ. ದಿನಕ್ಕೊಂದರಂತೆ ಇಪ್ಪತ್ತೊಂದು.

ಮೊದಲ ದಿನ ಸಂಜೆ ಅವಳು ಅದನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಳು. ಬಾಯಿಯ ಜಾಗದಲ್ಲೆಲ್ಲ ಬೆರಳಿನ ಕಲೆ. ಹಿಟ್ಟಿನ ಹಳದಿ, ಕೋಕೋದ ಕಂದು, ಬೆಣ್ಣೆಯ ಜಿಡ್ಡು. ಇಬ್ಬರೂ ಎಣಿಸಿದೆವು. ಹದಿನೇಳು.

"ಇಷ್ಟು ಸಲಾನಾ ಅತ್ತೆ?" ಎಂದಳು. ಆವತ್ತು ಅತ್ತಳು. ನಾನೂ ಅತ್ತೆ. ನನಗೆ ಅಳು ಬಂದದ್ದು ದುಃಖಕ್ಕೆ ಮಾತ್ರವಲ್ಲ, ಬೆರಗಿಗೂ. ಸಾಸಿವೆಯಷ್ಟು ಬೆಣ್ಣೆ ಬೆರಳ ತುದಿಯಿಂದ ನಾಲಿಗೆಗೆ ಹೋಗಿ, ಒಂದು ಮೈಯಿಡೀ ಸುತ್ತಿ, ಎದೆಗೆ ಬಂದು, ಇನ್ನೊಂದು ಪುಟ್ಟ ಮೈಯನ್ನು ಹುಡುಕಿಕೊಂಡು ಹೋಗಿದೆ. ಮೂರು ಮಕ್ಕಳಿಗೆ ಹಾಲು ಕೊಟ್ಟವಳು ನಾನು. ಎದೆಗೆ ಹಾಕಿಕೊಂಡದ್ದು, ಕುಡಿಸಿದ್ದು, ಬಟ್ಟೆ ಹೊಲಿಯಲು ಕೂತದ್ದು ಅಷ್ಟೇ ನೆನಪು. ಎಂಥ ಕೆಲಸ ನನ್ನೊಳಗೆ ನಡೆಯುತ್ತಿತ್ತು ಎಂದು ಅರವತ್ತನೆಯ ವಯಸ್ಸಿನಲ್ಲಿ ಒಂದು ಕೊಳೆ ಮಾಸ್ಕ್ ನೋಡಿ ಗೊತ್ತಾಯಿತು.

ಮಾರನೆಯ ದಿನ ಹದಿನಾಲ್ಕು. ಆಮೇಲೆ ಹದಿನೈದು, ಹನ್ನೊಂದು, ಒಂಬತ್ತು.

ಆದರೆ ರುಚಿ ನೋಡದೆ ಕೇಕು ಮಾಡುವುದು ಹೇಗೆ? ಅದಕ್ಕೆ ಅವಳು ಕಂಡುಕೊಂಡ ದಾರಿ ನಾನು. ಹೇಗೂ ಮೂರು ಸಲ ಬರ್ತೀರಲ್ಲ, ನೀವೇ ನೋಡಿ ಹೇಳಿ ಎಂದಳು. ಮಾಡಿದ್ದುಣ್ಣೋ ಮಹಾರಾಯ ಎಂದು ಒಪ್ಪಿಕೊಂಡೆ, ಮೂರು ಲೋಟದ ಪ್ರಾಯಶ್ಚಿತ್ತ. ಕಷ್ಟವೆಂದರೆ ನನ್ನ ನಾಲಿಗೆಗೆ ಎಲ್ಲವೂ ಒಂದೇ. ಅವಳು ಚಮಚದಲ್ಲಿ ಕೊಟ್ಟದ್ದನ್ನೆಲ್ಲ ನಾನು ಚೆನ್ನಾಗಿದೆ ಎನ್ನುತ್ತಿದ್ದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಉಪ್ಪು ಅರ್ಧ ಚಿಟಿಕೆ ಬೇಕು," ಎಂದು ಹಾಕುತ್ತಿದ್ದಳು.

"ನಾನು ಚೆನ್ನಾಗಿದೆ ಅಂದೆನಲ್ಲ?"

"ನೀವು ಅಂದ್ರಿ. ನಿಮ್ಮ ಎಡಹುಬ್ಬು ಅನ್ನಲಿಲ್ಲ."

ತಮಾಷೆ ಎಂದುಕೊಂಡೆ. ಯಜಮಾನರು ಅವತ್ತಿನ ಕೇಕಿನ ಚೂರು ಬಾಯಿಗೆ ಹಾಕಿಕೊಂಡು, "ನಮ್ಮ ಚಿಟಿಕೆ ಕೈರುಚಿ ಅಂದ್ರೆ ಇದು," ಎಂದರು. ಬೇರೆಯವರ ಹುಬ್ಬಿನಲ್ಲಿ ಉಪ್ಪು ಅಳೆಯುವವಳನ್ನು ನಾನಂತೂ ಮೊದಲ ಸಲ ಕಂಡೆ. ಎಂಟು ವರ್ಷ ಒಂದೇ ಮನೆಯಲ್ಲಿದ್ದು ನನ್ನ ಹುಬ್ಬನ್ನು ಇಷ್ಟು ಚೆನ್ನಾಗಿ ಓದಿದ್ದಾಳೆ ಎಂದರೆ, ನಾನು ಇಷ್ಟು ವರ್ಷ ಚೆನ್ನಾಗಿದೆ ಎಂದು ಹೇಳಿದ ಸುಳ್ಳುಗಳೆಲ್ಲ ಇವಳಿಗೆ ಗೊತ್ತು ಎಂದಾಯಿತು. ಸ್ವಲ್ಪ ಭಯವೂ ಆಯಿತು.

ಎರಡನೆಯ ವಾರದ ಕೊನೆಗೆ ಮಾಸ್ಕಿನ ಮೇಲೆ ನಾಲ್ಕು ಕಲೆ. ಪುಟ್ಟಿಯ ಬಟ್ಟೆಯ ಮೇಲಿನ ಎಳೆ ತೆಳುವಾಗುತ್ತ ಬಂತು, ಒಂದು ದಿನ ಇಲ್ಲ, ಮರುದಿನ ಮತ್ತೆ ಇದೆ. ಒಂದೇ ಥಾನಿನಿಂದ ಕತ್ತರಿಸಿದ ಮಾಸ್ಕು, ಪುಟ್ಟಿಯ ಬಟ್ಟೆ ಎರಡನ್ನೂ ಬೆಳಕಿಗೆ ಹಿಡಿದು ನೋಡುವುದೇ ನನ್ನ ಕೆಲಸವಾಯಿತು. ಹೊಲಿಗೆಗೆ ಬಂದವರು ಕಾದು ಬೈದುಕೊಂಡು ಹೋದರು. ಹದಿನೇಳನೆಯ ದಿನದ ಮಾಸ್ಕಿನ ಮೇಲೆ ಒಂದೂ ಕಲೆಯಿರಲಿಲ್ಲ. ಹದಿನೆಂಟನೆಯ ದಿನ ಪುಟ್ಟಿಯ ಬಟ್ಟೆ ಹಳದಿಯಾಗಿ, ಬರೀ ಹಳದಿಯಾಗಿ ಇತ್ತು. ಅಷ್ಟು ಚೆಂದದ ಬಣ್ಣವನ್ನು ನಾನು ಯಾವ ರೇಷ್ಮೆಯಲ್ಲೂ ಕಂಡಿಲ್ಲ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಡಾಕ್ಟರಮ್ಮ ಪುಟ್ಟಿಯನ್ನು ತೂಕಕ್ಕೆ ಇಟ್ಟರು. ಮುಳ್ಳು ನಿಂತ ಜಾಗ ನನಗೆ ಕನ್ನಡಕವಿಲ್ಲದೆ ಕಾಣಲಿಲ್ಲ. ಸೊಸೆಯ ಮುಖ ನೋಡಿದೆ, ಹುಬ್ಬು ಓದುವ ವಿದ್ಯೆ ನನಗೆಲ್ಲಿ ಬರಬೇಕು.

"ಮುನ್ನೂರ ಅರವತ್ತು ಗ್ರಾಂ ಏರಿದ್ದಾಳೆ," ಎಂದರು ಡಾಕ್ಟರಮ್ಮ. "ಡಬ್ಬಿ ಬೇಡ. ಕುಡಿಸಿ. ಆದ್ರೆ ನಿಮ್ಮ ಪಥ್ಯ ಇನ್ನೂ ತಿಂಗಳುಗಟ್ಟಲೆ ಇರುತ್ತೆ, ನಾನು ಹೇಳೋವರೆಗೂ ಒಂದು ಹನಿನೂ ಬೇಡ. ಆಗುತ್ತಾ?"

ಸೊಸೆ ತಲೆಯಾಡಿಸಿದಳು. ಅಲ್ಲೇ ಕುರ್ಚಿಯಲ್ಲಿ ಕೂತು ಪುಟ್ಟಿಯನ್ನು ಎದೆಗೆ ಹಾಕಿಕೊಂಡಳು.

ಅಲ್ಲಿಂದ ಸೀದಾ ಬೇಕರಿಗೆ. ಮಧ್ಯಾಹ್ನಕ್ಕೆ ಕೊಡಬೇಕಾದ ದೊಡ್ಡ ಕೇಕೊಂದಿತ್ತು. ಸಂಭ್ರಮದಲ್ಲಿ ಇಬ್ಬರಿಗೂ ಮಾಸ್ಕ್ ಮರೆತೇಹೋಗಿತ್ತು. ನಾನು ಪುಟ್ಟಿಯನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತು ದಾರಿಯಲ್ಲಿ ಸಿಕ್ಕವರ ಸುದ್ದಿ ಹೇಳುತ್ತಿದ್ದೆ. ಅವಳು ಹೂಂ ಹೂಂ ಎನ್ನುತ್ತ ನಿಂಬೆಹಣ್ಣಿನ ಕ್ರೀಮು ತಿರುವುತ್ತಿದ್ದಳು. ತಿರುವುವುದು ನಿಂತಿತು. ಕಿರುಬೆರಳು ಕ್ರೀಮಿಗೆ ಇಳಿದು ಮೇಲೆದ್ದಿತು. ಅವಳ ತುಟಿ ತೆರೆದೇ ಇತ್ತು, ಮೇಲೆ ಬಟ್ಟೆ ಇರಲಿಲ್ಲ. ಕೂಗಲು ಬಾಯಿ ತೆರೆದೆ.

ಬೆರಳು ಅವಳ ತುಟಿಯ ಹತ್ತಿರ ಬಂದು, ಅಲ್ಲಿ ನಿಲ್ಲದೆ ಪಕ್ಕಕ್ಕೆ ತಿರುಗಿ, ತೆರೆದಿದ್ದ ನನ್ನ ಬಾಯೊಳಗೆ ಬಂತು.

ಅವಳು ಪಾತ್ರೆಯನ್ನೇ ನೋಡುತ್ತಿದ್ದಳು. ಹಿಂದೆ ಬೆರಳು ತನ್ನ ಬಾಯಿಗೆ ಹೋಗುತ್ತಿದ್ದುದು ಅವಳಿಗೆ ಹೇಗೆ ತಿಳಿಯುತ್ತಿರಲಿಲ್ಲವೋ, ಈಗ ಹೋಗದೆ ಇದ್ದದ್ದೂ ಹಾಗೇ ತಿಳಿಯಲಿಲ್ಲ. ಹದಿನಾಲ್ಕು ವರ್ಷದ ಕೈ, ಮೂರು ವಾರದಲ್ಲಿ ಬೇರೆ ದಾರಿ ಕಲಿತಿತ್ತು. ನಾನು ಪುಟ್ಟಿಯನ್ನು ಇನ್ನಷ್ಟು ಗಟ್ಟಿಯಾಗಿ ಅವುಚಿಕೊಂಡೆ.

"ಹೇಗಿದೆ?" ಎನ್ನುತ್ತ ತಿರುಗಿದಳು. ನನ್ನ ಮುಖ ನೋಡಿ ಗಾಬರಿಯಾದಳು. "ಯಾಕತ್ತೆ, ಕಣ್ಣಲ್ಲಿ ನೀರು? ಅಷ್ಟು ಹುಳಿಯಾ?"

"ಹೂಂ ಕಣೆ," ಎಂದೆ. "ಹುಳಿ ಸ್ವಲ್ಪ ಜಾಸ್ತಿ."

ಅವಳು ಎರಡು ಚಮಚ ಸಕ್ಕರೆ ಹಾಕಿದಳು. ಅವತ್ತಿನ ಕೇಕು ಸಿಹಿ ಜಾಸ್ತಿಯಾಯಿತೆಂದು ಯಜಮಾನರು ಗೊಣಗಿದರಂತೆ, ಚಿಟಿಕೆಯ ಲೆಕ್ಕ ತಪ್ಪಿದ್ದು ಅದೊಂದೇ ದಿನವಂತೆ. ಗೊಣಗಲಿ ಬಿಡಿ.